ತೂಕದ ಮಷೀನಿನ ಲಿಂಕ್ ಕಳಿಸಲ್ಲ, ಕ್ಯಾಪ್ಟನ್

ಪ್ರೀತಿಯ ಕ್ಯಾಪ್ಟನ್,

ಮಸ್ಕತ್‌ನಿಂದ ನೀನು ಕಳಿಸಿದ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ಮಗನಿಗೆ 20 ದಿನ ಆಯ್ತು ಅಂದೆ. ಹುಟ್ಟಿದಾಗ 3.1 ಕೆಜಿ ಇದ್ದವನು ನಾಲ್ಕನೇ ದಿನಕ್ಕೆ 2.85 ಆದ, ಹದಿನಾಲ್ಕನೇ ದಿನ ಮತ್ತೆ 3.1ಕ್ಕೆ ಬಂದ ಅಂದೆ. ಹಿಂದೆ ಯಾರೋ ಮಾತಾಡುವುದು ಕೇಳಿಸುತ್ತಿತ್ತು. ನೀನು ದನಿ ತಗ್ಗಿಸಿ, "ನಿಮ್ಮನೇಲಿ ಮಗು ತೂಗೋ ಮಷೀನ್ ಇದೆಯಲ್ಲ, ಅದರ ಲಿಂಕ್ ಕಳಿಸೋ" ಅಂದೆ.

ಆ ತಗ್ಗಿದ ದನಿ ನನಗೆ ಚೆನ್ನಾಗಿ ಗೊತ್ತು. ಎಂಟು ತಿಂಗಳು ನಾನೂ ಅದೇ ದನಿಯಲ್ಲಿ ಮಾತಾಡುತ್ತಿದ್ದೆ.

ಮೊದಲು ನಿನ್ನ ಮಗನ ವಿಷಯ. ನೀನು ಹೇಳಿದ ಲೆಕ್ಕದಲ್ಲಿ ಗಾಬರಿ ಬೀಳುವಂಥದ್ದು ಏನೂ ಇಲ್ಲ. ಹುಟ್ಟಿದ ಮಕ್ಕಳು ಮೊದಲ ಕೆಲವು ದಿನ ಇಳಿಯುತ್ತವೆ. ನೂರಕ್ಕೆ ಏಳರಿಂದ ಹತ್ತು ಭಾಗದವರೆಗೂ ಇಳಿಯುವುದುಂಟು. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬಂದರೆ ಸರಿ, ನಿನ್ನ ಮಗ ಬಂದಿದ್ದಾನೆ. ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆ ಮಾಡುತ್ತಾನಾ? ಹಾಲಿಗೆ ತಾನೇ ಏಳುತ್ತಾನಾ? ಅಷ್ಟು ನೋಡು. ಹಾಲಿಗೂ ಏಳದೆ ಸುಮ್ನೆ ಮಲಗಿಯೇ ಇದ್ದರೆ, ಬಟ್ಟೆ ಒಣಗಿಯೇ ಇದ್ದರೆ, ಆಗ ಮಷೀನ್ ಹುಡುಕಬೇಡ, ಸೀದಾ ಡಾಕ್ಟರ ಹತ್ತಿರ ಓಡು.

ಲಿಂಕ್ ಮಾತ್ರ ಕಳಿಸಲ್ಲ. ಯಾಕೆ ಅಂತ ಫೋನಿನಲ್ಲಿ ಹೇಳೋಕೆ ಆಗಲಿಲ್ಲ, ಅದಕ್ಕೇ ಬರೀತಿದ್ದೇನೆ. ಎಲ್ಲರೂ ಓದುವ ಹಾಗೆ ಹಾಕಲಾ ಅಂತ ಇವಳನ್ನು ಕೇಳಿದೆ. ಪೂರ್ತಿ ಓದಿ, ಒಂದು ಸಾಲು ತೆಗೆಸಿ, ಹಾಕು ಅಂದಳು. ನಿನ್ನ ಹಾಗೆ ರಾತ್ರಿ ಎದ್ದು ಕೂತಿರುವ ಅಪ್ಪಂದಿರು ಇನ್ನೂ ಇರುತ್ತಾರೆ, ಅಲ್ವಾ?

ಪುಟ್ಟಿ ಹುಟ್ಟಿದಾಗ 2.6 ಕೆಜಿ. ಎರಡೂವರೆಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು ಅನ್ನುತ್ತಾರೆ. ನಮ್ಮದು ಅದರ ಮೇಲೆ ನೂರು ಗ್ರಾಂ. ಆ ನೂರು ಗ್ರಾಂ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಐದನೇ ತಿಂಗಳಲ್ಲಿ ಇವಳ ಚಿಕ್ಕಮ್ಮನ ಮನೆ ನಾಮಕರಣಕ್ಕೆ ಹೋಗಿದ್ದೆವು. ಅಲ್ಲಿ ಪುಟ್ಟಿಗಿಂತ ಹದಿನೈದು ದಿನ ಚಿಕ್ಕ ಮಗು ಒಂದಿತ್ತು. ಮೊಣಕೈಯಲ್ಲಿ ಎರಡೆರಡು ಮಡಿಕೆ, ಹಳೇ ಕ್ಯಾಲೆಂಡರಿನ ಬೆಣ್ಣೆ ಕೃಷ್ಣನ ಹಾಗೆ. ಎಲ್ಲರೂ ಅದನ್ನು ಎತ್ತಿಕೊಂಡರು. ಪುಟ್ಟಿಯನ್ನು ಎತ್ತಿಕೊಂಡವರು ಇವಳ ಕಡೆ ತಿರುಗಿ, "ಯಾಕೆ ಹೀಗೆ ಸೊರಗಿದೆ? ಹಾಲು ಸಾಲ್ತಿಲ್ವಾ?" ಅಂದರು. ಒಬ್ಬರಲ್ಲ, ನಾಲ್ಕು ಜನ. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಅವತ್ತು ರಾತ್ರಿಯೇ ಮಷೀನ್ ಆರ್ಡರ್ ಮಾಡಿದೆ.

ಹತ್ತು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಮಷೀನ್ ಅದು. ಒಂದು ನೋಟ್‌ಬುಕ್ ಇಟ್ಟೆ. ತಾರೀಖು, ಹೊತ್ತು, ತೂಕ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಂದು ಸಲ ನಾನೇ ತೂಗುತ್ತಿದ್ದೆ. ಮಧ್ಯಾಹ್ನ ಇವಳು ತೂಗಿ ಬರೆಯಬೇಕಿತ್ತು. ಊಟದ ಹೊತ್ತಿಗೆ ಫ್ಯಾಕ್ಟರಿಯಿಂದ ಫೋನ್ ಮಾಡಿ, "ಎಷ್ಟು?" ಅನ್ನುತ್ತಿದ್ದೆ. ಊಟ ಆಯ್ತಾ ಅಂತಲೂ ಕೇಳುತ್ತಿರಲಿಲ್ಲ.

ನನ್ನ ಕೆಲಸ ನಿನಗೆ ಗೊತ್ತು. ದಿನವಿಡೀ ಅಳೆಯುವುದೇ. ಯಾವ ಗೇಜು ಎಷ್ಟು ತಪ್ಪು ತೋರಿಸುತ್ತದೆ ಅಂತ ನೋಡಿ ಸರ್ಟಿಫಿಕೇಟ್ ಕೊಡುವವನು ನಾನು. ಆ ಬುದ್ಧಿ ಮನೆಯಲ್ಲಿ ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ಆರು ತಿಂಗಳು ದಾಟಿದ ಮಗು ದಿನಕ್ಕೆ ಸುಮಾರು ಹತ್ತು ಗ್ರಾಂ ಏರುತ್ತದೆ. ಒಂದು ಸಲ ಹೊಟ್ಟೆ ತುಂಬ ಹಾಲು ಕುಡಿದರೆ ನೂರು ಗ್ರಾಂ ಏರುತ್ತದೆ. ಒಂದು ಸಲ ಉಚ್ಚೆ ಹೊಯ್ದರೆ ಮೂವತ್ತು ನಲವತ್ತು ಇಳಿಯುತ್ತದೆ. ಇದರಲ್ಲಿ ನಾನು ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹೋಲಿಸಿ ಅಳೆದದ್ದಾದರೂ ಏನು? ಇಳಿದ ದಿನ ಮನೆಯಲ್ಲಿ ಯಾರಿಗೂ ಮಾತಿಲ್ಲ. ಏರಿದ ದಿನ ಇವಳಿಗೆ ಮಲ್ಲಿಗೆ ಹೂವು ತಂದದ್ದೂ ಉಂಟು. ಆಗ ಅದು ಪ್ರೀತಿ ಅಂತಲೇ ಅಂದುಕೊಂಡಿದ್ದೆ.

ಏಳನೇ ತಿಂಗಳ ಕೊನೆಗೆ ಪುಟ್ಟಿಗೆ ಜ್ವರ ಬಂತು. ನಾಲ್ಕು ದಿನ ಏನೂ ತಿನ್ನಲಿಲ್ಲ, 150 ಗ್ರಾಂ ಇಳಿದಳು. ಜ್ವರ ಬಿಟ್ಟ ಮೇಲೂ ಚಮಚ ಕಂಡರೆ ಮುಖ ತಿರುಗಿಸುತ್ತಿದ್ದಳು. ಆ ವಾರದ ಭಾನುವಾರ ಕೂತು ನೋಟ್‌ಬುಕ್ ತಿರುವುತ್ತಿದ್ದೆ. ಮಧ್ಯಾಹ್ನದ ಸಾಲುಗಳೆಲ್ಲ ಇವಳ ಅಕ್ಷರ. ಬುಧವಾರ 6.420. ಗುರುವಾರ 6.453. ಶುಕ್ರವಾರ 6.487.

ಹತ್ತತ್ತು ಗ್ರಾಂ ತೋರಿಸುವ ಮಷೀನಿನಲ್ಲಿ ಕೊನೆಯ ಅಂಕಿ ಯಾವಾಗಲೂ ಸೊನ್ನೆಯೇ. ಅದು 6.453 ತೋರಿಸೋದು ಹೇಗೆ?

ಆ ಪುಟ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಇವಳು ಒಳಗೆ ಪುಟ್ಟಿಗೆ ಹಾಲು ಕುಡಿಸುತ್ತಿದ್ದಳು, ಬಾಗಿಲು ಹಾಕಿಕೊಂಡು. ಬಾಗಿಲು ಹಾಕಿಕೊಳ್ಳುವುದು ಯಾವಾಗಿಂದ ಶುರುವಾಯ್ತು ಅಂತಲೂ ನಾನು ಗಮನಿಸಿರಲಿಲ್ಲ. ಎಷ್ಟು ನಿಮಿಷ ಕುಡಿಸಿದೆ ಅಂತ ನಾನು ಕೇಳುತ್ತಿದ್ದೆನಲ್ಲ, ಅವಳು ಇನ್ನೇನು ಮಾಡಬೇಕಿತ್ತು? ಆ ಮೂರು ಅಂಕಿಗಳ ಬಗ್ಗೆ ನಾನು ಇವತ್ತಿಗೂ ಅವಳನ್ನು ಕೇಳಿಲ್ಲ. ಈ ಪತ್ರ ಓದುವಾಗ ಅವಳಿಗೆ ಗೊತ್ತಾಯಿತು. ತೆಗೆಸಿದ ಸಾಲು ಇದಲ್ಲ.

ಇಲ್ಲಿಗೇ ನಿಲ್ಲಿಸೋಣ ಅಂತಿದ್ದೆ, ಕ್ಯಾಪ್ಟನ್. ಆದರೆ ಇಷ್ಟೇ ಹೇಳಿದರೆ ನಿನಗೆ ಅರ್ಧ ಹೇಳಿದ ಹಾಗೆ.

ಆ ಅಂಕಿ ನೋಡಿದ ಮೇಲಾದರೂ ನಾನು ಸುಮ್ಮನಾಗಬೇಕಿತ್ತು. ಆಗಲಿಲ್ಲ. ಹಾಗಾದರೆ ನಿಜವಾದ ತೂಕ ಇನ್ನೂ ಕಡಿಮೆ ಅಂತ ಮನಸ್ಸು ಅಲ್ಲಿಗೇ ಹೋಯಿತು. ಮರುದಿನ ಇವಳು ಸ್ನಾನಕ್ಕೆ ಹೋದಾಗ ಅಜ್ಜಿಯ ಬೆಳ್ಳಿ ಒಳಲೆ ತೆಗೆದೆ. ನೀನು ನೋಡಿದ್ದೀಯ, ದೇವರ ಗೂಡಿನಲ್ಲಿ ಇಟ್ಟಿರುತ್ತಿದ್ದರಲ್ಲ, ಮೂತಿ ಉದ್ದ ಇರುವ ಪುಟ್ಟ ಬಟ್ಟಲು. ನಮ್ಮನ್ನೆಲ್ಲ ಅದರಲ್ಲೇ ಕುಡಿಸಿ ಬೆಳೆಸಿದ್ದು ಅಂತ ಅಮ್ಮ ಹೇಳುತ್ತಲೇ ಇದ್ದರು. ಕಾಲು ಚಾಚಿ ಕೂತೆ. ಪುಟ್ಟಿಯನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಎರಡು ಕೈಯನ್ನೂ ಒಂದೇ ಕೈಯಲ್ಲಿ ಹಿಡಿದು, ತೆಳ್ಳಗಿನ ರಾಗಿ ಸರಿ ಬಾಯಿಗೆ ಹೊಯ್ದೆ. ಅವಳು ಅಳುತ್ತಿದ್ದಳು. ಅತ್ತಾಗ ಬಾಯಿ ತೆರೆಯುತ್ತದಲ್ಲ, ಆಗಲೇ ಹೊಯ್ಯುತ್ತಿದ್ದೆ. ನುಂಗಿದಳು, ಮತ್ತೆ ಅತ್ತಳು, ಮತ್ತೆ ಹೊಯ್ದೆ.

ಮೂರನೇದೋ ನಾಲ್ಕನೇದೋ ಒಳಲೆಗೆ ಅಳು ನಿಂತುಹೋಯಿತು. ನೆತ್ತಿ ಹತ್ತಿತ್ತು. ಬಾಯಿ ತೆರೆದಿದೆ, ದನಿ ಇಲ್ಲ. ತುಟಿ ಸುತ್ತ ನೀಲಿ. ಬಾಣಂತನದಲ್ಲಿ ನರ್ಸ್ ಒಬ್ಬರು ತೋರಿಸಿಕೊಟ್ಟಿದ್ದು ಹೇಗೋ ನೆನಪಿಗೆ ಬಂತು. ತಲೆ ಕೆಳಗಾಗುವ ಹಾಗೆ ಮುಂಗೈ ಮೇಲೆ ಕವುಚಿ ಹಾಕಿಕೊಂಡು ಬೆನ್ನಿಗೆ, ಎರಡು ಭುಜದ ನಡುವೆ ತಟ್ಟಿದೆ. ಒಂದು, ಎರಡು, ಮೂರು. ನಾಲ್ಕನೇದಕ್ಕೆ ಕೆಮ್ಮಿದಳು. ಕಂದು ಬಣ್ಣದ ಸರಿ ನನ್ನ ಪಂಚೆ ಮೇಲೆ ಬಿತ್ತು. ಆಮೇಲೆ ಅತ್ತಳು ನೋಡು, ಅಂಥ ಒಳ್ಳೆ ಅಳುವನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಹತ್ತು ಸೆಕೆಂಡ್ ಇರಬಹುದು, ಹದಿನೈದು ಇರಬಹುದು. ನನ್ನನ್ನು ಈಗಲೂ ಎಬ್ಬಿಸುವುದು ಆ ನೀಲಿ ತುಟಿ ಒಂದೇ ಅಲ್ಲ. ಅದಕ್ಕೂ ಒಂದು ನಿಮಿಷ ಮುಂಚೆ, ಅವಳ ಕೈ ಒತ್ತಿ ಹಿಡಿದಿದ್ದಾಗ, ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಎಂಟು ತಿಂಗಳ ಮಗುವಿನ ಮೇಲೆ. ಯಾಕೆ ತಿನ್ನಲ್ಲ ನೀನು, ಯಾಕೆ ನಮಗೆ ಹೀಗೆ ಮಾಡ್ತೀಯ ಅಂತ. ಇದನ್ನು ಇವಳಿಗೆ ಹೇಳೋಕೆ ನನಗೆ ಹನ್ನೊಂದು ದಿನ ಬೇಕಾಯಿತು. ಹೇಳಿದಾಗ ಇವಳು ಎದ್ದು ಹೋಗಿ ಒಳಲೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟಳು. ಮಾತು ಮರುದಿನ ಆಡಿದಳು.

ಆ ವಾರ ಅತ್ತೆ ಬಂದರು. ಅವರು ಟಿ. ನರಸೀಪುರದ ಕಡೆ ಅಂಗನವಾಡಿ ಕಾರ್ಯಕರ್ತೆ ಆಗಿದ್ದವರು. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಆರಿಸಿಕೊಂಡದ್ದು ಆ ತಾಲೂಕನ್ನೇ. ಅತ್ತೆ ಸೇರಿದ್ದು ಆಮೇಲೆ. ತೊಲೆಗೆ ಸ್ಪ್ರಿಂಗ್ ತಕ್ಕಡಿ ನೇತುಹಾಕಿ, ಬಟ್ಟೆಯ ಚಡ್ಡಿಯಲ್ಲಿ ಮಕ್ಕಳನ್ನು ಕೂರಿಸಿ ತೂಗಿದ ಕೈ ಅವರದು. ತಿಂಗಳಿಗೆ ಒಂದೇ ಸಲ. ಸಾವಿರಾರು ಮಕ್ಕಳನ್ನು ತೂಗಿದ್ದಾರೆ.

ನನ್ನ ನೋಟ್‌ಬುಕ್ ನೋಡಿದರು, ಏನೂ ಅನ್ನಲಿಲ್ಲ. ತಾಯಿ ಕಾರ್ಡ್, ಅಂದರೆ ಮಗುವಿನ ತೂಕ ಗುರುತು ಹಾಕುವ ಕಾರ್ಡ್, ತರಿಸಿದರು. ಹಸಿರು, ಹಳದಿ, ಕಿತ್ತಳೆ ಪಟ್ಟೆಗಳ ಮೇಲೆ ಪುಟ್ಟಿಯ ಚುಕ್ಕೆಗಳನ್ನು ಪೆನ್ಸಿಲಿನಲ್ಲಿ ಜೋಡಿಸಿದರು. ಹುಟ್ಟಿದಾಗ 2.6, ಮೂರು ತಿಂಗಳಿಗೆ 5, ಆರು ತಿಂಗಳಿಗೆ 6.2. ಹಸಿರಿನ ಕೆಳ ಅಂಚಿಗೆ ಹತ್ತಿರ, ಆದರೆ ತೂಕ ಸರಿ ಇದೆ ಅನ್ನುವ ಹಸಿರಿನ ಒಳಗೇ, ಗೆರೆ ಮೇಲಕ್ಕೇ ಹೋಗುತ್ತಿದೆ. "ಇವಳ ದಾರಿ ಇದು. ಸಣ್ಣ ಮೈ. ನಿಮ್ಮ ಮೈ ನೋಡ್ಕೊಳಿ, ಅವಳ ಮೈ ನೋಡಿ" ಅಂದರು. ಆಮೇಲೆ ಬೆರಳಿನಲ್ಲಿ ಗಾಳಿಯಲ್ಲೇ ಒಂದು ಗೆರೆ ಎಳೆದು ತೋರಿಸಿದರು. ಏರಿ ಬಂದು, ಮಲಗಿ, ಕೆಳಕ್ಕೆ ತಿರುಗುವ ಗೆರೆ. "ಅಂಥ ಮಕ್ಕಳನ್ನ ಎತ್ಕೊಂಡು ಬಸ್ ಹತ್ತಿದೀನಿ. ಅವಕ್ಕೆ ಹೆದರಬೇಕು." ಅಷ್ಟು ಹೇಳಿ ಸುಮ್ಮನಾದರು. ಅವರು ಯಾವುದೋ ಒಂದು ಮಗುವನ್ನು ನೆನೆಸಿಕೊಂಡರು ಅನ್ನಿಸಿತು, ಕೇಳುವ ಧೈರ್ಯ ಬರಲಿಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 33 ಮಕ್ಕಳ ತೂಕ ಕಡಿಮೆ. ನನ್ನ ಹೆದರಿಕೆ ಪೂರ್ತಿ ಹುಚ್ಚು ಅಂತಲೂ ನಾನು ಹೇಳುವುದಿಲ್ಲ, ಕ್ಯಾಪ್ಟನ್. ಅದು ತಪ್ಪು ಮನೆಗೆ ಬಂದಿತ್ತು.

ಹಾಂ, ನಿನಗೆ ಇಷ್ಟವಾಗುವ ಒಂದು ವಿಷಯ. ಆ ಕಾರ್ಡಿನ ಗೆರೆಗಳು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟವು. ಆರು ದೇಶಗಳ ಮಕ್ಕಳನ್ನು ಅಳೆದು ಎಳೆದದ್ದು. ನಮ್ಮ ದೆಹಲಿಯ ಮಕ್ಕಳು ಅದರಲ್ಲಿದ್ದಾರೆ. ನೀನಿರುವ ಮಸ್ಕತ್‌ನ ಮಕ್ಕಳೂ ಇದ್ದಾರೆ.

ಅತ್ತೆ ಒಂದು ಡಬ್ಬಿ ಹಿಟ್ಟು ತಂದಿದ್ದರು. ರಾಗಿಯನ್ನು ರಾತ್ರಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿಸಿ, ತೆಳು ಪಂಚೆಯಲ್ಲಿ ಜರಡಿ ಹಿಡಿದದ್ದು. ನಾವು ಅಂಗಡಿಯ ಸಾದಾ ರಾಗಿ ಹಿಟ್ಟು ಹಾಕುತ್ತಿದ್ದೆವು. ಅದು ಬೇಗ ಗಟ್ಟಿಯಾಗುತ್ತದೆ ಅಂತ ನೀರು ಜಾಸ್ತಿ ಹಾಕಿ ತೆಳ್ಳಗೆ ಮಾಡುತ್ತಿದ್ದೆವು. ಮಗುವಿನ ಹೊಟ್ಟೆಗೆ ಹೋಗುತ್ತಿದ್ದದ್ದು ಹೆಚ್ಚಿಗೆ ನೀರೇ. ಮೊಳಕೆ ಬಂದರೆ ರಾಗಿಯ ಗಂಜಿ ಅಷ್ಟು ಗಟ್ಟಿಯಾಗುವುದಿಲ್ಲ, ಹಾಗಾಗಿ ಹಿಟ್ಟು ಜಾಸ್ತಿ ಹಾಕಿದರೂ ಕುಡಿಯುವ ಹದ ಇರುತ್ತದೆ. ಅಷ್ಟೇ ದೊಡ್ಡ ಹೊಟ್ಟೆಗೆ ಹೆಚ್ಚು ಆಹಾರ. ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಮೇಲೆ ಅರ್ಧ ಚಮಚ ತುಪ್ಪ. ಬೆಲ್ಲ ಬೇಡ, ಉಪ್ಪು ಬೇಡ.

ಆಮೇಲೆ ಅತ್ತೆ ಮಾಡಿದ್ದು ಇಷ್ಟೇ. ಚಾಪೆ ಹಾಸಿ, ಪುಟ್ಟಿಯನ್ನು ನೆಟ್ಟಗೆ ಕೂರಿಸಿ, ಬಟ್ಟಲು ಮುಂದಿಟ್ಟು, ತಾವು ಅವರೆಕಾಯಿ ಬಿಡಿಸುತ್ತ ಕೂತರು. ಅವಳ ಕಡೆ ನೋಡಲೇ ಇಲ್ಲ. ಪುಟ್ಟಿ ಬಟ್ಟಲಿಗೆ ಕೈ ಹಾಕಿದಳು. ಮುಷ್ಟಿ ಬಾಯಿಗೆ ಇಟ್ಟಳು. ಮೂಗಿಗೂ ಹಚ್ಚಿಕೊಂಡಳು. ಅತ್ತೆ ಒಂದು ಚಮಚ ತುಂಬಿ ಅವಳ ತುಟಿ ಹತ್ತಿರ ಹಿಡಿದು ಕಾದರು, ಅಷ್ಟೇ. ಅವಳೇ ಮುಂದೆ ಬಾಗಿ ಬಾಯಿ ತೆರೆದಳು. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ನನ್ನನ್ನು ಕಂಡ ಕೂಡಲೇ ಬಾಯಿ ಮುಚ್ಚಿಕೊಂಡಳು. ನಾನು ಒಳಗೆ ಹೋದೆ.

ಆಮೇಲೆ ಎರಡು ವಾರ ಊಟದ ಹೊತ್ತಿಗೆ ನಾನು ಅವಳ ಕಣ್ಣಿಗೆ ಬೀಳಲಿಲ್ಲ.

ಒಂಬತ್ತು ತಿಂಗಳ ಚುಚ್ಚುಮದ್ದಿಗೆ ಹೋದಾಗ ಅಲ್ಲಿ ತೂಗಿದರು. 7 ಕೆಜಿ. ಚುಕ್ಕೆ ಅದೇ ದಾರಿಯಲ್ಲೇ ಬಿತ್ತು. ನಮ್ಮ ಮಷೀನ್ ಈಗ ಅಟ್ಟದ ಮೇಲಿದೆ, ಸೆಲ್ಲು ಟಿವಿ ರಿಮೋಟಿಗೆ ಹೋಗಿದೆ.

ಅಯ್ಯೋ, ಏನೇನೋ ಬರೆದುಬಿಟ್ಟೆ. ಬಾಣಂತನದ ಮನೆಗೆ ಇಂಥ ಪತ್ರ ಕಳಿಸುವುದಾ! ಇರಲಿ ಬಿಡು. ದೀಪಾವಳಿಗೆ ಬರ್ತೀಯಲ್ಲ, ನಿಮ್ಮಲ್ಲಿ ಸಿಗುವ ಆ ಹಲ್ವಾ ಎರಡು ಡಬ್ಬಿ ತಾ, ಕಳೆದ ಸಲದ ಹಾಗೆ ಏರ್‌ಪೋರ್ಟಿನಲ್ಲಿ ಹಂಚಬೇಡ. ನಿನ್ನ ಮಗನಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಅತ್ತೆ ರಾಗಿ ಹಿಟ್ಟು ಮಾಡಿ ಇಟ್ಟಿರುತ್ತಾರೆ, ಅಲ್ಲಿಯವರೆಗೆ ತಾಯಿ ಹಾಲು ಬಿಟ್ಟು ಬೇರೆ ಏನೂ ಬೇಡ ಅಂತ ಹೇಳಿದ್ದಾರೆ. ಅವನ ಅಮ್ಮನಿಗೆ ಊಟ ಆಯ್ತಾ ಅಂತ ಕೇಳು, ಎರಡು ಸಲ ಕೇಳು.

ಪುಟ್ಟಿ ಎದ್ದಳು. ಇವತ್ತು ಸಂಜೆಯ ಸರಿ ನನ್ನ ಪಾಲು. ಮೊನ್ನೆಯಿಂದ ನನ್ನ ಕೈಯಲ್ಲಿ ಮೂರು ಚಮಚ ತಿನ್ನುತ್ತಿದ್ದಾಳೆ, ನಾಲ್ಕನೇದಕ್ಕೆ ಚಮಚ ಕಿತ್ತುಕೊಂಡು ನನ್ನ ಬಾಯಿಗೆ ಇಡುತ್ತಾಳೆ.

ನಿನ್ನ,
ಹಳೇ ಕಿಟಕಿ ಸೀಟಿನವನು