ಪಾರೆಯ ಗುಹೆಯ ಕುರಿತು ಹೆತ್ತವರಿಗೆ ಪತ್ರ

ಮಾನ್ಯ ಹೆತ್ತವರೇ,

ಶಾಲೆಯ ಹಿಂದಿನ ಪಾರೆಯಲ್ಲಿ ಜೇಸಿಬಿ ಕೆಲಸ ಮಾಡುವಾಗ ಮುರಕಲ್ಲಿನೊಳಗೆ ಗುಹೆಯೊಂದು ತೆರೆದುಕೊಂಡ ಸುದ್ದಿ ನಿಮಗೆಲ್ಲ ಮುಟ್ಟಿರಬಹುದು. ಮರುದಿನವೇ ಏಳನೇ ತರಗತಿಯ ಕೆಲವರ ಬ್ಯಾಗಿನಿಂದ ಮಡಕೆ ಚೂರುಗಳು ಹೊರಬಂದವು. ಒಂದರ ಒಳಮೈ ಕಪ್ಪು, ಹೊರಮೈ ಕೆಂಪು. ಇನ್ನೊಂದು, ಕಾಲಿರುವ ಗಡಿಗೆಯಿಂದ ಮುರಿದ ಕಾಲು. ಮಕ್ಕಳನ್ನು ಗದರಿಸಿಲ್ಲ, ಆ ಕುತೂಹಲ ನನಗೆ ಇಷ್ಟವೇ.

ಇದನ್ನು ಕೆಲವರು ಋಷಿಗಳ ಗುಹೆ ಎನ್ನುತ್ತಿದ್ದಾರೆ, ಕೆಲವರು ಪಾಂಡವರದ್ದೆನ್ನುತ್ತಿದ್ದಾರೆ. ಆದರೆ ಕಬ್ಬಿಣ ಬಳಸುತ್ತಿದ್ದ ಜನ ಎರಡು ಸಾವಿರ ವರ್ಷಗಳಷ್ಟು ಹಿಂದೆ ಸತ್ತವರಿಗಾಗಿ ಮುರಕಲ್ಲು ಕೊರೆದು ಮಾಡುತ್ತಿದ್ದ ಕೋಣೆಯ ಲಕ್ಷಣಗಳೆಲ್ಲ ಇದಕ್ಕಿವೆ. ನಮ್ಮ ಕಾಸರಗೋಡು ಜಿಲ್ಲೆಯ ಉಮಿಚ್ಚಿಪೊಯಿಲ್‌ನಲ್ಲೂ ಇಂಥವು ಸಿಕ್ಕಿವೆ. ಗಟ್ಟಿ ಕಗ್ಗಲ್ಲಿನ ಸೀಮೆಯವರು ಸತ್ತವರಿಗಾಗಿ ಚಪ್ಪಡಿಗಳಿಂದ ಕಲ್ಲಿನ ಪೆಟ್ಟಿಗೆಯನ್ನೇ ಕಟ್ಟಿದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಕಂಡ ಪೆಟ್ಟಿಗೆಗಳಲ್ಲಿ ನಾಲ್ಕು ಚಪ್ಪಡಿಗಳು ಒಳಕ್ಕೆ ಬೀಳದಂತೆ ಒಂದನ್ನೊಂದು ತಡೆದು ನಿಂತಿದ್ದವು. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಒಳಗೆ ಮಡಕೆ, ಕಬ್ಬಿಣದ ಹತಾರಗಳ ಜೊತೆ ಹಲವರ ಎಲುಬುಗಳು; ಹೆಣ ಬೇರೆಡೆ ಕರಗಿದ ಮೇಲೆ ಆಯ್ದು ತಂದಿಟ್ಟವು ಎಂದು ವೀಲರ್ ತಿಳಿದರು.

ನಮ್ಮ ಹುಳಿ ಮಣ್ಣಿನಲ್ಲಿ ಎಲುಬು ಉಳಿಯುವುದೇ ಕಷ್ಟ. ಹಾಗಾಗಿ ಯಾವ ಗಡಿಗೆ ಬಾಗಿಲ ಬಳಿ ಇತ್ತು, ಯಾವುದು ಗೋಡೆಯ ಬದಿಗಿತ್ತು, ಅದರೊಳಗೆ ತುಂಬಿದ ಮಣ್ಣು ಎಂಥದ್ದು ಎಂಬುದರಿಂದಲೇ ತಜ್ಞರು ಆ ಕಾಲದ ಕ್ರಿಯಾಕರ್ಮವನ್ನು ಊಹಿಸಬೇಕು. ಎತ್ತಿ ತಂದ ಮೇಲೆ ಅದ್ಯಾವುದೂ ತಿಳಿಯದು.

ಕೊಪ್ಪರಿಗೆ ಚಿನ್ನದ ಮಾತೂ ಹಬ್ಬಿದೆ. ರಾತ್ರಿ ಟಾರ್ಚ್ ಹಿಡಿದು ಹೋದ ದೊಡ್ಡವರೂ ಇದ್ದಾರಂತೆ. ಅವರ ಮಕ್ಕಳಿಗೆ ನಾನು ಏನೆಂದು ಬುದ್ಧಿ ಹೇಳಲಿ?

ದಯವಿಟ್ಟು ಮಕ್ಕಳನ್ನು ಅತ್ತ ಬಿಡಬೇಡಿ. ಯಂತ್ರ ತಾಗಿ ಗುಹೆಯ ಮಾಡು ಬಿರುಕು ಬಿಟ್ಟಿದೆ, ಹಾವಿನ ಭಯವೂ ಇದೆ. ಮನೆಯಲ್ಲಿ ಚೂರುಗಳಿದ್ದರೆ ತೊಳೆಯಬೇಡಿ, ಅಂಟಿಸಲೂಬೇಡಿ. ಕಾಗದದಲ್ಲಿ ಸುತ್ತಿ, ಸಿಕ್ಕಿದ ಜಾಗ ಬರೆದು ಶುಕ್ರವಾರದೊಳಗೆ ಶಾಲಾ ಕಚೇರಿಗೆ ಕೊಡಿ. ಯಾರ ಮನೆಯಿಂದ ಬಂತೆಂದು ಕೇಳುವುದಿಲ್ಲ. ಗ್ರಾಮ ಕಚೇರಿಗೂ ಪುರಾತತ್ವ ಇಲಾಖೆಗೂ ತಿಳಿಸಿದ್ದೇವೆ. ಅವರು ಒಪ್ಪಿದರೆ ಮಕ್ಕಳನ್ನು ಕರೆದೊಯ್ದು ಹೊರಗಿನಿಂದಲೇ ತೋರಿಸುವ ಯೋಚನೆಯಿದೆ. ಒಪ್ಪಿಗೆ ಪತ್ರ ಇದರೊಂದಿಗಿದೆ. ಸಹಿ ಮಾಡಿ ಕಳುಹಿಸಿಕೊಡಿ.

ಇತಿ,
ಮುಖ್ಯೋಪಾಧ್ಯಾಯರು