ಆ ಬಯಲು ಖಾಲಿ ಇರಲಿಲ್ಲ

ಮಾನ್ಯ ಸಂಪಾದಕರೇ,

ಕೆನಡಾದ ಹುಲ್ಲುಗಾವಲು ಸೀಮೆಗೆ ರೈಲು ಬಂದ ಕಥೆಯನ್ನು ನಿಮ್ಮ ಪುರವಣಿಯಲ್ಲಿ ಓದಿದೆ. ಜೊತೆಗಿದ್ದ ಹಳೆಯ ಸರ್ವೆ ನಕ್ಷೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಮೂವತ್ತೆರಡು ವರ್ಷ ಮೋಜಿಣಿ ಕೆಲಸ ಮಾಡಿದವನು ನಾನು. ನಕ್ಷೆ ಕಂಡರೆ ಸುಮ್ನೆ ಪುಟ ತಿರುವಲು ಆಗುವುದಿಲ್ಲ. ಲೇಖನದಲ್ಲಿ ‘ಖಾಲಿ ಬಿದ್ದಿದ್ದ ನೆಲ’ ಎಂದಿದೆ. ಆ ಮಾತು ಸರಿಯಲ್ಲ.

ನಕ್ಷೆಯ ಚೌಕಗಳ ಲೆಕ್ಕ ಸರಳ. ಆರು ಮೈಲಿ ಉದ್ದ, ಆರು ಮೈಲಿ ಅಗಲ ಸೇರಿ ಒಂದು ಟೌನ್‌ಶಿಪ್. ಅದರಲ್ಲಿ 36 ಸೆಕ್ಷನ್, ಒಂದೊಂದೂ 640 ಎಕರೆ. 1872ರ ಕಾಯ್ದೆಯಂತೆ 10 ಡಾಲರ್ ಕಟ್ಟಿ ಬಂದು ನೆಲೆಸಿದವರಿಗೆ 160 ಎಕರೆ. 11 ಮತ್ತು 29ನೇ ಸೆಕ್ಷನ್ ಶಾಲೆಗಳಿಗೆ. ಕೆನಡಿಯನ್ ಪೆಸಿಫಿಕ್ ರೈಲು ಕಂಪನಿಗೆ ಸರ್ಕಾರ 1881ರಲ್ಲಿ ಕೊಡಲು ಒಪ್ಪಿಕೊಂಡದ್ದು 2.5 ಕೋಟಿ ಎಕರೆ, ಜೊತೆಗೆ 2.5 ಕೋಟಿ ಡಾಲರ್.

ಈ ಚೌಕಗಳಿಗೂ ಮೊದಲು ಅಲ್ಲಿ ಬೇರೆ ಗೆರೆಗಳಿದ್ದವು. ರೆಡ್ ರಿವರ್ ದಡದಲ್ಲಿ ಮೇಟಿ ಜನರ ಜಮೀನುಗಳಿದ್ದವು. ಮೂಲನಿವಾಸಿ ತಾಯಂದಿರು, ಯುರೋಪಿನ ತಂದೆಯರ ವಂಶದವರು ಇವರು. ಜಮೀನು ಉದ್ದನೆಯ ಪಟ್ಟಿ, ಒಂದು ತುದಿ ನದಿಗೆ ಮುಟ್ಟುವಂತೆ. ನೀರು, ಮರ, ದೋಣಿಯ ದಾರಿ ಎಲ್ಲ ಮನೆಗೂ ಸಿಗುತ್ತಿತ್ತು. ಹಿಂದೆ ಹುಲ್ಲು ಕೊಯ್ಯುವ ನೆಲ. ಎಷ್ಟು ಚೆಂದದ ಹಂಚಿಕೆ, ಅಲ್ವಾ? 1869ರ ಅಕ್ಟೋಬರ್ 11ರಂದು ಸರ್ವೆ ತಂಡ ಅಂಥ ಒಂದು ಹುಲ್ಲಿನ ನೆಲದ ಮೇಲೆ ಚೈನ್, ಅಂದರೆ ಅಳತೆಯ ಸರಪಳಿ, ಎಳೆಯಿತು. ಮೇಟಿ ಜನರ ಮುಂದಾಳು ಲೂಯಿ ರಿಯೆಲ್ ಮತ್ತು ಸಂಗಡಿಗರು ಚೈನ್ ತುಳಿದು ನಿಂತರು. ಅಳತೆ ಅಲ್ಲಿಗೇ ನಿಂತಿತು.

ಚೈನ್ ಹಿಡಿದವನಿಗೆ ಆ ತಡೆ ಮೊದಲು ಗೊತ್ತಾಗುವುದು ಅಂಗೈಯಲ್ಲಿ. ಈ ಘಟನೆ ಓದಿದಾಗಲೆಲ್ಲ ನನ್ನ ಕೈ ಬಿಗಿಯುತ್ತದೆ. ನಾನೂ ಎಷ್ಟೋ ಹೊಲದ ಬದುವಿನಲ್ಲಿ ಚೈನ್ ಹಿಡಿದು ನಿಂತವನೇ.

ಆ ಸೀಮೆಯನ್ನು ಪ್ರಾಂತ್ಯವಾಗಿಸಿದ 1870ರ ಮ್ಯಾನಿಟೋಬಾ ಕಾಯ್ದೆ ಮೇಟಿ ಮಕ್ಕಳಿಗೆ 14 ಲಕ್ಷ ಎಕರೆ ಕೊಡುವ ಮಾತು ಕೊಟ್ಟಿತು. ಹಂಚಿಕೆ ವರ್ಷಗಟ್ಟಲೆ ಎಳೆಯಿತು. ಬೇಸತ್ತ ಅನೇಕರು ಪಶ್ಚಿಮಕ್ಕೆ, ಸಸ್ಕಾಚೆವಾನ್ ನದಿಯ ಕಡೆ ಹೋದರು. ಅಲ್ಲೂ ಅದೇ ಚೌಕಗಳು ಬಂದವು. 1885ರಲ್ಲಿ ಅವರು ದಂಗೆ ಎದ್ದಾಗ ಸೈನಿಕರನ್ನು ಹೊತ್ತು ತಂದದ್ದು ಇನ್ನೂ ಪೂರ್ತಿಯಾಗದ ಅದೇ ರೈಲು. ನವೆಂಬರ್ 7ರಂದು ಹಳಿಯ ಕೊನೆಯ ಮೊಳೆ ಹೊಡೆದರು. 16ರಂದು ದಂಗೆಯ ಮುಂದಾಳು ರಿಯೆಲ್‌ನನ್ನು ಗಲ್ಲಿಗೇರಿಸಿದರು. ಆ 14 ಲಕ್ಷ ಎಕರೆ ಹಂಚುವುದರಲ್ಲಿ ಸರ್ಕಾರ ತಪ್ಪಿದೆ ಎಂದು ಕೆನಡಾದ ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ.

ರೆಡ್ ರಿವರ್ ದಡದ ವಿನ್ನಿಪೆಗ್ ನಗರದ ಇವತ್ತಿನ ನಕ್ಷೆ ನೋಡಿ. ನದಿಯ ಪಕ್ಕದ ಎಷ್ಟೋ ಬೀದಿಗಳು ಆ ಹಳೆಯ ಪಟ್ಟಿಗಳ ಗುಂಟವೇ ಹೋಗುತ್ತವೆ. ದಯವಿಟ್ಟು ಆ ಪಟ್ಟಿಗಳ ನಕ್ಷೆಯನ್ನೂ ಒಮ್ಮೆ ಅಚ್ಚು ಹಾಕಿ. ಚೌಕಗಳ ನಕ್ಷೆಯ ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ.

– ಒಬ್ಬ ನಿವೃತ್ತ ಸರ್ವೇಯರ್