ಹಿತ್ತಲ ದಾಳಿಂಬೆಗೆ ಫಲಪುಷ್ಪ ಪ್ರದರ್ಶನದಲ್ಲೊಂದು ಮೇಜು ಬೇಕು

ಮಾನ್ಯರೆ,

ಇಂದು ನರ್ಸರಿಗೆ ಹೋಗಿ ದಾಳಿಂಬೆ ಗಿಡ ಕೇಳಿದರೆ ಹೆಚ್ಚಿನ ಕಡೆ ಕೈಗೆ ಬರುವುದು ಭಗವಾ ಎಂಬ ತಳಿ ಒಂದೇ. ಕೊಪ್ಪಳ, ಬಾಗಲಕೋಟೆ, ವಿಜಯಪುರ, ಚಿತ್ರದುರ್ಗದ ತೋಟಗಳಲ್ಲಿ ಅದು ನೆಲೆಯೂರಿದ್ದಕ್ಕೆ ತಕ್ಕ ಕಾರಣವಿದೆ. ಸಿಪ್ಪೆ ದಪ್ಪ, ಬಣ್ಣ ಹೊಳೆಯುವ ಕೇಸರಿಗೆಂಪು, ಲಾರಿಯಲ್ಲಿ ದೂರ ಹೋದರೂ ಹಣ್ಣು ಜಜ್ಜುವುದಿಲ್ಲ, ರಫ್ತಿಗೂ ಒಗ್ಗುತ್ತದೆ. ಆದರೆ ಗಿಡದಿಂದ ಅಡುಗೆಮನೆಗೆ ಹತ್ತು ಹೆಜ್ಜೆ ಸಾಗಬೇಕಾದ ಹಣ್ಣಿಗೆ ದಪ್ಪ ಸಿಪ್ಪೆಯ ಹಂಗೇಕೆ? ಹಿಂದೆ ನಮ್ಮ ರಾಜ್ಯದಲ್ಲಿ ಬೆಳೆಯುತ್ತಿದ್ದ ಮಧುಗಿರಿ, ತೆಳು ಸಿಪ್ಪೆಯ ಪೇಪರ್ ಶೆಲ್, ಬೇಸಿನ್ ಸೀಡ್‌ಲೆಸ್ ಮುಂತಾದವು ಮಾರುಕಟ್ಟೆಯಿಂದ ಸರಿದುಹೋಗಿವೆ. ಅಂಥವು ಉಳಿದಿದ್ದರೆ ಹಳೆಯ ಮನೆಗಳ ಹಿತ್ತಲಲ್ಲಿ, ಬಾವಿಕಟ್ಟೆಯ ಪಕ್ಕ, ಬಚ್ಚಲ ನೀರು ಹರಿಯುವ ಕಡೆ ಹೆಸರಿಲ್ಲದೆ ಉಳಿದಿವೆ. ಮನೆ ಕೆಡವಿ ಕಟ್ಟುವಾಗ ಮೊದಲು ಕೊಡಲಿಗೆ ಸಿಗುವುದೂ ಅವೇ.

ಇವುಗಳನ್ನು ಉಳಿಸಲು ದೊಡ್ಡ ಯೋಜನೆ ಬೇಕಿಲ್ಲ. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆಯುವಾಗ ಲಾಲ್‌ಬಾಗ್‌ನಲ್ಲೂ ಜಿಲ್ಲಾ ಕೇಂದ್ರಗಳಲ್ಲೂ ನೆಟ್ಟು ಗಿಡ ಮಾಡುವ ದಾಳಿಂಬೆ ಕಡ್ಡಿಗಳ ವಿನಿಮಯಕ್ಕೆಂದು ಒಂದು ಮೇಜನ್ನು ತೋಟಗಾರಿಕೆ ಇಲಾಖೆ ಮೀಸಲಿಡಲಿ ಎಂಬುದು ನಮ್ಮ ಕೋರಿಕೆ. ಕೈತೋಟದವರು ಕಡ್ಡಿ ತರುತ್ತಾರೆ, ಬೇರೆ ಕಡ್ಡಿ ಒಯ್ಯುತ್ತಾರೆ. ಕಾಸಿನ ವ್ಯವಹಾರ ಬೇಡ.

ಜನವರಿಯನ್ನೇ ಹೇಳಲು ಎರಡು ಕಾರಣಗಳಿವೆ. ಚಳಿಗೆ ಗಿಡದ ಬೆಳವಣಿಗೆ ನಿಧಾನವಾಗಿ ಕಡ್ಡಿಯಲ್ಲಿ ಆಹಾರ ಕೂಡಿರುತ್ತದೆ. ಅಂಬೆ ಬಹಾರಕ್ಕೆಂದು (ಜನವರಿ-ಫೆಬ್ರವರಿಯ ಹೂವಿನ ಫಸಲಿಗೆ) ಚಾಟ್ನಿ ಮಾಡುವವರ, ಅಂದರೆ ಕೊಂಬೆ ಸವರುವವರ ಬಳಿ ಹೇಗೂ ಕತ್ತರಿಸಿದ ಕಡ್ಡಿಗಳ ರಾಶಿಯಿರುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ದಾಳಿಂಬೆಯ ದೊಡ್ಡ ಶತ್ರು ದುಂಡಾಣು ಅಂಗಮಾರಿ ರೋಗ. ಅದು ಮಳೆಗಾಲದ ಸೆಕೆ ಮತ್ತು ತೇವದಲ್ಲಿ ಎದ್ದು ಕಾಣುತ್ತದೆ, ಒಣ ಹವೆಯಲ್ಲಿ ಅಡಗಿರುತ್ತದೆ. ಕಳೆದ ಮಳೆಗಾಲವಿಡೀ ಚುಕ್ಕೆಯಿಲ್ಲದೆ ನಿಂತ ಗಿಡ ಯಾವುದೆಂದು ಜನವರಿಯಲ್ಲಿ ಖಚಿತವಾಗಿ ಹೇಳಬಹುದು. ಜುಲೈಯಲ್ಲಿ ಕಡ್ಡಿ ಕತ್ತರಿಸಿದರೆ ರೋಗ ಹರಡುವ ಹೊತ್ತಿನಲ್ಲೇ ಗಾಯ ಮಾಡಿದಂತಾಗುತ್ತದೆ.

ಅಂಗಮಾರಿಯನ್ನು ಗುರುತಿಸಲು ಎಲೆಯನ್ನು ಬೆಳಕಿಗೆ ಹಿಡಿಯಬೇಕು. ಮೊದಲಿಗೆ ಎಣ್ಣೆ ತಾಗಿದ ಹಾಗೆ ನೀರುನೀರಾದ ಸಣ್ಣ ಚುಕ್ಕೆ, ಆಮೇಲೆ ಅದು ಕಂದು-ಕಪ್ಪಾಗಿ ಸುತ್ತ ಹಳದಿ ಬಳೆ ಮೂಡುತ್ತದೆ. ಕಡ್ಡಿಯಲ್ಲಿ ಅದು ಗೆಣ್ಣಿನ ಹತ್ತಿರ ಕಪ್ಪು ಪಟ್ಟಿಯಾಗಿ ಸುತ್ತುವರಿಯುತ್ತದೆ, ಬಗ್ಗಿಸಿದರೆ ಅಲ್ಲೇ ಮುರಿಯುತ್ತದೆ. ಕಾಯಿಯ ಮೇಲಿನ ಕಪ್ಪು ಕಲೆ ಒಡೆದು ಬಿರುಕು ಬಿಡುತ್ತದೆ. ಇವುಗಳಲ್ಲಿ ಒಂದು ಕಂಡರೂ ಆ ಗಿಡದ ಚೆನ್ನಾಗಿರುವ ಕೊಂಬೆಯಿಂದಲೂ ಕಡ್ಡಿ ತೆಗೆಯಬಾರದು, ಏಕೆಂದರೆ ಲಕ್ಷಣ ತೋರದ ಕಡ್ಡಿಯೂ ದುಂಡಾಣುವನ್ನು ಹೊತ್ತಿರಬಹುದು. ಈ ರೋಗ ದೂರದೂರಿಗೆ ಹೋಗುವ ಮುಖ್ಯ ದಾರಿಯೇ ನಾಟಿ ಗಿಡ. ಅದನ್ನು ಹಂಚಿ ನೆರೆಯ ತೋಟ ಹಾಳು ಮಾಡುವುದಕ್ಕಿಂತ ವಿನಿಮಯವೇ ಇಲ್ಲದಿರುವುದು ಮೇಲು.

ಬೇರು ಬಿಟ್ಟ ಗಿಡವನ್ನು ಮಣ್ಣಿನ ಸಮೇತ ಕೊಡುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಸೊರಗು ರೋಗ ತರುವ ಸೆರಾಟೋಸಿಸ್ಟಿಸ್ ಶಿಲೀಂಧ್ರವೂ ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳವೂ ಮಣ್ಣಿನ ಜೊತೆ ಪ್ರಯಾಣ ಮಾಡುತ್ತವೆ. ಒಂದು ಲೋಟ ಮಣ್ಣು ಸಾಕು. ಹಾಗಾಗಿ ಮೇಜಿನ ಮೇಲೆ ಬರಿಯ ಕಡ್ಡಿ ಮಾತ್ರ ಇರಲಿ, ಕುಂಡ, ಪ್ಯಾಕೆಟ್ಟು ಬೇಡ. ಕಡ್ಡಿ ಕತ್ತರಿಸಿದ ಕೂಡಲೇ ಅಡ್ಡ ಸೀಳನ್ನು ನೋಡಿ. ಒಳಗಿನ ಕಟ್ಟಿಗೆ ಬಿಳಿ-ಹಳದಿಯಾಗಿರಬೇಕು. ಬೂದು ಅಥವಾ ಕಂದು ಕಲೆ ಕಂಡರೆ ಕಡ್ಡಿಯನ್ನು ಸುಟ್ಟುಬಿಡಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯ ಅಲಗನ್ನು ಶೇ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಒರೆಸಿ. ತಾಯಿಗಿಡದ ಗಾಯಕ್ಕೆ ಶೇ 10ರ ಬೋರ್ಡೋ ಮುಲಾಮು (ಮೈಲುತುತ್ತ-ಸುಣ್ಣದ ಲೇಪ) ಹಚ್ಚಿದರೆ ಒಳ್ಳೆಯದು.

ಇನ್ನು ಕಡ್ಡಿಯ ಆಯ್ಕೆ. ಕಳೆದ ವರ್ಷ ಬೆಳೆದು ಬಲಿತ, ಪೆನ್ಸಿಲ್ ದಪ್ಪದ, 20ರಿಂದ 25 ಸೆಂ.ಮೀ. ಉದ್ದದ ಕಡ್ಡಿ ಬೇಕು. ನಾಲ್ಕೈದು ಗೆಣ್ಣುಗಳಿರಲಿ. ಹಸಿರು ತುದಿ ಕೊಳೆಯುತ್ತದೆ, ಹೆಬ್ಬೆರಳ ಗಾತ್ರದ ಹಳೆಯ ಕೊಂಬೆ ಬೇರು ಬಿಡಲು ತಡಮಾಡುತ್ತದೆ. ಕೆಳತುದಿಯನ್ನು ಗೆಣ್ಣಿನ ಕೆಳಗೇ ನೇರವಾಗಿ, ಮೇಲ್ತುದಿಯನ್ನು ಗೆಣ್ಣಿನಿಂದ ಒಂದೂವರೆ ಸೆಂ.ಮೀ. ಮೇಲೆ ಓರೆಯಾಗಿ ಕತ್ತರಿಸುವ ರೂಢಿ ಎಲ್ಲರಿಗೂ ಒಂದೇ ಇದ್ದರೆ ಪಡೆದವರು ಕಡ್ಡಿಯನ್ನು ತಲೆಕೆಳಗಾಗಿ ನೆಡುವುದಿಲ್ಲ. ಎಲೆ ಒಣಗಿ ಉದುರಿದ ಮೇಲೆ ಎರಡು ತುದಿಗಳ ವ್ಯತ್ಯಾಸ ಬೇಗ ತಿಳಿಯದು. ನಮ್ಮಲ್ಲಿ ದಾಳಿಂಬೆ ಗಿಡಗಳು ಹೆಚ್ಚಾಗಿ ಗೂಟಿ (ಗಿಡದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸುವ ಕ್ರಮ) ಅಥವಾ ಕಡ್ಡಿಯಿಂದ ಬಂದವು, ಕಸಿ ಮಾಡಿದವಲ್ಲ. ಆದ್ದರಿಂದ ಬುಡದಲ್ಲಿ ಏಳುವ ಚಿಗುರೂ ಅದೇ ತಳಿ, ಬಲಿತ ಮೇಲೆ ಧಾರಾಳವಾಗಿ ಬಳಸಬಹುದು.

ಎಲೆ, ಮುಳ್ಳು ತೆಗೆದ ಕಡ್ಡಿಗಳನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ದಿನಪತ್ರಿಕೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಇಟ್ಟರೆ ಎರಡು ಮೂರು ವಾರ ಕೆಡುವುದಿಲ್ಲ. ಕಾಗದದಿಂದ ನೀರು ತೊಟ್ಟಿಕ್ಕುತ್ತಿದ್ದರೆ ಬೂಸು ಹಿಡಿಯುತ್ತದೆ. ಕೊರಿಯರ್‌ನಲ್ಲಿ ಎರಡು ಮೂರು ದಿನದ ದಾರಿಯಾದರೆ ಇಷ್ಟೇ ಸಾಕು.

ನೆಡಲು ಕೊಟ್ಟಿಗೆ ಗೊಬ್ಬರದ ಮಣ್ಣು ಬೇಡ. ಬೇರಿಲ್ಲದ ಕಡ್ಡಿಗೆ ಗೊಬ್ಬರದಿಂದ ಉಪಯೋಗವಿಲ್ಲ, ಕೊಳೆ ಮಾತ್ರ ಬೇಗ ಬರುತ್ತದೆ. ದಪ್ಪ ಮರಳು ಮತ್ತು ತೊಳೆದ ಕೊಕೊಪೀಟ್ ಸಮಸಮ ಬೆರೆಸಿ, ತೂತಿರುವ 6x8 ಇಂಚಿನ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ. ಬೇರು ಬರಿಸುವ ಹಾರ್ಮೋನು ಐಬಿಎ (ಇಂಡೋಲ್ ಬ್ಯುಟೈರಿಕ್ ಆಮ್ಲ) ಸಿಕ್ಕರೆ 2,000 ಪಿಪಿಎಂ ದ್ರಾವಣ ಸಾಕು, ಅಂದರೆ 100 ಮಿ.ಲೀ.ಗೆ 200 ಮಿಲಿಗ್ರಾಂ. ಅದು ನೀರಿನಲ್ಲಿ ನೇರವಾಗಿ ಕರಗುವುದಿಲ್ಲ. ಮೊದಲು 50 ಮಿ.ಲೀ. ಆಲ್ಕೋಹಾಲ್‌ನಲ್ಲಿ ಕರಗಿಸಿ ಆಮೇಲೆ ನೀರು ಸೇರಿಸಬೇಕು. ಕಡ್ಡಿಯ ಬುಡದ ಎರಡು ಸೆಂ.ಮೀ.ನಷ್ಟನ್ನು ಕೆಲವು ಸೆಕೆಂಡು ಅದ್ದಿ ನೆಟ್ಟುಬಿಡಿ. ಗಂಟೆಗಟ್ಟಲೆ ನೆನೆಸಿದರೆ ಬುಡ ಸುಟ್ಟುಹೋಗುತ್ತದೆ. ಐಬಿಎ ಇಲ್ಲದೆಯೂ ಕಡ್ಡಿ ಬೇರು ಬಿಡುತ್ತದೆ, ಬದುಕುವ ಸಂಖ್ಯೆ ಕಡಿಮೆ, ಅಷ್ಟೆ. ಹೆಚ್ಚು ಕಡ್ಡಿ ನೆಟ್ಟು ಆ ಕೊರತೆ ತುಂಬಿಕೊಳ್ಳಬಹುದು. ಕಡ್ಡಿಯ ಮೂರರಲ್ಲಿ ಎರಡು ಪಾಲು ಮಣ್ಣೊಳಗಿರಲಿ, ಎರಡು ಗೆಣ್ಣು ಮಾತ್ರ ಹೊರಗೆ.

ಹೆಚ್ಚಿನವರು ಸೋಲುವುದು ಇದರ ಮುಂದಿನ ಹಂತದಲ್ಲಿ. ಎರಡು ಮೂರು ವಾರಕ್ಕೆ ಗೆಣ್ಣಿನಲ್ಲಿ ಕೆಂಪು ಚಿಗುರೊಡೆಯುತ್ತದೆ, ಎಲೆಗಳು ಬಿಚ್ಚಿಕೊಳ್ಳುತ್ತವೆ. ಗಿಡ ಹಿಡಿಯಿತೆಂದು ಖುಷಿಯಾಗಿ ಚೀಲವನ್ನು ಬಿಸಿಲಿಗಿಡುತ್ತಾರೆ, ನಾಲ್ಕೇ ದಿನದಲ್ಲಿ ಚಿಗುರು ಬಾಡಿ ಕಡ್ಡಿ ಸಾಯುತ್ತದೆ. ಆ ಮೊದಲ ಚಿಗುರು ಕಡ್ಡಿಯೊಳಗೆ ಉಳಿದಿದ್ದ ಆಹಾರದಿಂದ ಬಂದದ್ದು, ಆ ಹೊತ್ತಿಗೆ ಕೆಳಗೆ ಬೇರು ಇರುವುದೇ ಇಲ್ಲ. ಬೇರು ಬರಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ನೆರಳುಬಲೆಯ ಕೆಳಗೆ ಅಥವಾ ಮರದ ಚೆಲ್ಲು ನೆರಳಲ್ಲಿ ಇಟ್ಟು, ಮೇಲ್ಮಣ್ಣು ಒಣಗತೊಡಗಿದಾಗ ಮಾತ್ರ ನೀರು ಕೊಡಿ. ಬೇರು ಬಂತೋ ಎಂದು ಎಳೆದು ನೋಡಬೇಡಿ, ಆಗ ತಾನೇ ಹುಟ್ಟಿದ ಬಿಳಿ ಬೇರು ದಾರದ ಹಾಗೆ ಕಿತ್ತುಹೋಗುತ್ತದೆ. ಎರಡನೆಯ ಸುತ್ತಿನ ಚಿಗುರು ಬಂದು ನಿಂತರೆ ಬೇರು ಬಂದಿದೆ ಎಂದೇ ಅರ್ಥ. ಮುಂಗಾರು ಹಿಡಿದ ಮೇಲೆ ನೆಲಕ್ಕೋ 50 ಲೀಟರಿನ ಡ್ರಮ್ಮಿಗೋ ಸಾಗಿಸಿ, ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಕಡೆ ಇಡಿ.

ಬೀಜದಿಂದ ಬೆಳೆಸಿದ ಗಿಡವನ್ನು ‘ಭಗವಾ’ ಎಂದು ಹಂಚುವವರಿದ್ದಾರೆ. ಭಗವಾ ಹಣ್ಣಿನ ಬೀಜದಿಂದ ಹುಟ್ಟಿದ್ದು ಭಗವಾ ಆಗುವುದಿಲ್ಲ. ಕಾಳಿನ ಬಣ್ಣ, ಹುಳಿ, ಒಳಬೀಜದ ಗಡಸು ಎಲ್ಲವೂ ಬದಲಾಗಬಹುದು, ಅದನ್ನು ತಿಳಿಯಲು ಮೂರು ನಾಲ್ಕು ವರ್ಷ ಕಾಯಬೇಕು. ಬೀಜದ ಗಿಡ ಕೀಳೆಂದು ಇದರ ಅರ್ಥವಲ್ಲ. ಪುಣೆಯ ಗಣೇಶಖಿಂಡದಲ್ಲಿ ಡಾ. ಜಿ.ಎಸ್. ಚೀಮಾ ಅವರು 1936ರಲ್ಲಿ ಆಳಂದಿ ದಾಳಿಂಬೆಯಿಂದ ಆರಿಸಿದ್ದೇ ಮುಂದೆ ‘ಗಣೇಶ್’ ಎಂದು ದೇಶಕ್ಕೆಲ್ಲ ಹಬ್ಬಿತು. ಚೀಟಿಯಲ್ಲಿ ‘ಬೀಜದ ಗಿಡ’ ಎಂದು ನಿಜವನ್ನು ಬರೆಯಬೇಕು, ಅಷ್ಟೇ ನಮ್ಮ ಆಗ್ರಹ.

ಹೆಸರಿನ ಗೊಂದಲ ಇನ್ನೂ ದೊಡ್ಡದು. ಭಗವಾವನ್ನೇ ಕೇಸರ್, ಶೇಂದರಿ, ಅಷ್ಟಗಂಧ, ಮಸ್ತಾನಿ ಎಂದೂ ಕರೆಯುತ್ತಾರೆ. ಐದು ತಳಿ ಕೂಡಿಸಿದೆನೆಂದು ಹೆಮ್ಮೆಪಡುವವರ ತಾರಸಿಯಲ್ಲಿ ಒಂದೇ ತಳಿ ಐದು ಡ್ರಮ್ಮಿನಲ್ಲಿ ಇರಬಹುದು. ಗೊತ್ತಿಲ್ಲದ ಗಿಡಕ್ಕೆ ಊಹೆಯಿಂದ ‘ಕಾಬೂಲ್’ ಎಂದು ಹೆಸರಿಡುವ ಬದಲು ಊರು, ಬೀದಿ, ಕಂಡದ್ದು ಬರೆಯಿರಿ: ‘ಶಿರಾ, ಕೋಟೆ ಬೀದಿ, ಹಳದಿ ಸಿಪ್ಪೆ, ನಸುಗೆಂಪು ಕಾಳು, ಹುಳಿಸಿಹಿ, ಒಳಬೀಜ ಮೆತ್ತಗೆ’. ಈ ಸಾಲು ಸುಳ್ಳು ಹೆಸರಿಗಿಂತ ನೂರು ಪಾಲು ಬೆಲೆಬಾಳುತ್ತದೆ. ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿಯನ್ನು ಪಟ್ಟಿಯಾಗಿ ಕತ್ತರಿಸಿ, ಮೊಳೆಯಿಂದ ಗೀರಿ ಬರೆದರೆ ವರ್ಷಗಟ್ಟಲೆ ಉಳಿಯುತ್ತದೆ. ಮಾರ್ಕರ್ ಪೆನ್ನಿನ ಶಾಯಿ ಒಂದು ಬೇಸಿಗೆಯ ಬಿಸಿಲಿಗೆ ಮಾಸುತ್ತದೆ.

ಹಂಚುವುದು ಕಾನೂನಿಗೆ ವಿರುದ್ಧವೇ ಎಂಬ ಅಳುಕು ಕೆಲವರಲ್ಲಿದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 39ನೇ ಸೆಕ್ಷನ್ ಬೀಜವನ್ನು ಉಳಿಸಿಕೊಳ್ಳುವ, ವಿನಿಮಯ ಮಾಡುವ, ಹಂಚುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಸಂರಕ್ಷಿತ ತಳಿಯನ್ನು ಬ್ರ್ಯಾಂಡ್ ಕಟ್ಟಿ ಮಾರುವಂತಿಲ್ಲ. ಹಿತ್ತಲ ಹಳೆಯ ಗಿಡಕ್ಕಂತೂ ಯಾರ ತಕರಾರೂ ಇರದು. ವಿದೇಶದಲ್ಲಿರುವ ಮಕ್ಕಳಿಂದ ‘ವಂಡರ್‌ಫುಲ್’ ಮುಂತಾದ ಕಡ್ಡಿ ತರಿಸುವುದು ಬೇರೆಯೇ ಮಾತು. ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಅದನ್ನು ಸೂಟ್‌ಕೇಸಿನಲ್ಲಿ ತರಬಾರದು.

ಒಂದೇ ಜಾಗದಲ್ಲಿ ಕೂಡಿಟ್ಟದ್ದು ಸುರಕ್ಷಿತವಲ್ಲ ಎಂಬುದಕ್ಕೆ ತುರ್ಕ್‌ಮೆನಿಸ್ತಾನದ ಗರ್ರಿಗಲಾ ಸಂಶೋಧನಾ ಕೇಂದ್ರ ಸಾಕ್ಷಿ. ಅಲ್ಲಿ ಗ್ರಿಗರಿ ಲೆವಿನ್ ಎಂಬ ಸಸ್ಯವಿಜ್ಞಾನಿ 1,100ಕ್ಕೂ ಹೆಚ್ಚು ಬಗೆಯ ದಾಳಿಂಬೆ ಗಿಡಗಳನ್ನು ಕೂಡಿಸಿದ್ದರು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಆ ಕೇಂದ್ರಕ್ಕೆ ಆಸರೆ ತಪ್ಪಿತು. ಕಡ್ಡಿಗಳಾಗಿ ಹೊರದೇಶಗಳಿಗೆ ಹೋಗಿದ್ದ ಪಾರ್ಫಿಯಾಂಕಾದಂಥ ಅಲ್ಲಿನ ತಳಿಗಳು ಇಂದು ಅಮೆರಿಕದ ಡೇವಿಸ್‌ನ ಸರ್ಕಾರಿ ಸಂಗ್ರಹದಲ್ಲೂ ಕ್ಯಾಲಿಫೋರ್ನಿಯಾದ ಹಿತ್ತಲುಗಳಲ್ಲೂ ಹಣ್ಣು ಬಿಡುತ್ತಿವೆ. ಆ ರಾಜ್ಯದ ಕೈತೋಟದವರು ಚಳಿಗಾಲದಲ್ಲಿ ಒಂದೆಡೆ ಸೇರಿ ಕಡ್ಡಿ ಬದಲಾಯಿಸಿಕೊಳ್ಳುವ ರೂಢಿ ಇಟ್ಟುಕೊಂಡಿದ್ದಾರೆ. ರೂಬಿ ತಳಿ ಕೊಟ್ಟ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಜ್ಯೋತಿಯನ್ನು ಕೊಟ್ಟ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ ಇರುವ ನಮ್ಮ ನಾಡಿನಲ್ಲಿ ಇದು ಕಷ್ಟದ ಕೆಲಸವೇನಲ್ಲ.

ಮೇಜಿನ ಬಳಿ ರೋಗ ಗುರುತಿಸಬಲ್ಲ ಒಬ್ಬ ತೋಟಗಾರಿಕೆ ಅಧಿಕಾರಿ ಭೂತಗನ್ನಡಿ ಹಿಡಿದು ಕೂರಲಿ, ತಿರಸ್ಕೃತ ಕಡ್ಡಿಯನ್ನು ಮರಳಿ ಕೊಡದೆ ಅಂದೇ ಸುಡಲಿ. ಕೊಟ್ಟವರ ಊರು, ಗಿಡದ ವಿವರ ಬರೆದಿಡಲು ಒಂದು ಪುಸ್ತಕ ಇರಲಿ, ಅದರ ಪ್ರತಿ ವಿಶ್ವವಿದ್ಯಾಲಯಗಳಿಗೂ ಹೋಗಲಿ. ಜನವರಿಯಲ್ಲಿ ಮೇಜು ಹಾಕಬೇಕಾದರೆ ತಾಯಿಗಿಡಗಳನ್ನು ಅದರ ಹಿಂದಿನ ಮಳೆಗಾಲದಲ್ಲೇ ಗಮನಿಸಿರಬೇಕು. ಆದ್ದರಿಂದ ಇಲಾಖೆ ಈ ಪ್ರಕಟಣೆಯನ್ನು ಡಿಸೆಂಬರ್‌ಗೆ ತಳ್ಳದೆ ಜೂನ್ ಮೊದಲ ವಾರದಲ್ಲೇ ಹೊರಡಿಸಬೇಕು.

ಇಂತಿ,
ತುಮಕೂರು ಜಿಲ್ಲೆಯ ಕೆಲವು ಕೈತೋಟದವರು